ನಾನು ಕಾಡಿಜ್ ನೋಡಿ ಬಂದ ಬಗೆ

ಒಂದು ಊರಿಗೆ ಹೋಗಿ ಬಂದವನು ಆ ಊರನ್ನು ನಿಜವಾಗಿ ನೋಡಿದ್ದಾನೆಯೇ ಇಲ್ಲವೇ ಎಂದು ತೀರ್ಮಾನಿಸುವ ಹಕ್ಕು ಹೋಗಿ ಬಂದವನಿಗೆ ಇರುವುದಿಲ್ಲ. ಅದು ಎಲ್ಲಿಗೂ ಹೋಗದೆ ಮನೆಯಲ್ಲೇ ಉಳಿದವರ ಹಕ್ಕು. ನಮ್ಮ ಗೋಕಾಕವನ್ನೇ ತೆಗೆದುಕೊಳ್ಳಿ. ಪರವೂರಿನವರು ಬಂದು, ಜಲಪಾತದ ಎದುರು ತೂಗುಸೇತುವೆಯ ಮೇಲೆ ನಾಲ್ಕು ಹೆಜ್ಜೆ ನಡೆದು, ಹಿಡಿಕೆ ಗಟ್ಟಿಯಾಗಿ ಹಿಡಿದು, ಒಂದು ಪೊಟ್ಟಣ ಕರದಂಟು ಕಟ್ಟಿಸಿಕೊಂಡು ಹೋದರೆ ಅವರು ಗೋಕಾಕ ನೋಡಿದಂತಾಯಿತು. ಅದೇ ನಮ್ಮ ಓಣಿಯ ಈರವ್ವ ಇಲ್ಲೇ ಹುಟ್ಟಿ, ಇಲ್ಲೇ ಮದುವೆಯಾಗಿ, ಇಲ್ಲೇ ಹಲ್ಲು ಉದುರಿಸಿಕೊಂಡವಳು. ಜಲಪಾತದ ಕಡೆ ತಲೆ ಹಾಕಿ ಮಲಗಿದವಳೂ ಅಲ್ಲ. ಕೇಳಿದರೆ, "ನೀರು ಬೀಳೂದನ್ನ ಏನ್ ನೋಡೂದ್ರಿ ಮಾಸ್ತರ? ಮಳಿಗಾಲದಾಗ ನಮ್ಮ ಪಡಸಾಲ್ಯಾಗ ದಿನಾ ಬೀಳತೈತಿ" ಎನ್ನುತ್ತಾಳೆ. ಈರವ್ವ ಗೋಕಾಕ ನೋಡಿಲ್ಲ ಎಂದು ಹೇಳುವ ಎದೆಗಾರಿಕೆ ನನಗಂತೂ ಇಲ್ಲ.

ಇಷ್ಟು ಪೀಠಿಕೆ ಹಾಕುವುದಕ್ಕೆ ಕಾರಣವಿದೆ. ನಾನು ಗೋಕಾಕದ ಸಾಲಿಯಲ್ಲಿ ಭೂಗೋಳ ಕಲಿಸುವ ಮಾಸ್ತರ. ನನಗೆ ನಾಲ್ಕು ಜನರ ನಡುವೆ ಇರುವ ಮರ್ಯಾದೆಯಲ್ಲಿ ಮುಕ್ಕಾಲು ಪಾಲು, ನಾನು ಒಂದು ಕಾಲಕ್ಕೆ ಸ್ಪೇನ್ ದೇಶದ ಕಾಡಿಜ್ ಎಂಬ ಸಮುದ್ರ ತೀರದ ಪಟ್ಟಣವನ್ನು ನೋಡಿ ಬಂದವನು ಎಂಬ ಕಾರಣಕ್ಕೆ ಬಂದದ್ದು. ಹುಡುಗರು ನಕಾಶೆಯಲ್ಲಿ ಸ್ಪೇನನ್ನು ತೋರಿಸುವಾಗ ಒಮ್ಮೆ ನನ್ನ ಕಡೆ ಓರೆಗಣ್ಣಿನಿಂದ ನೋಡುತ್ತಾರೆ. ಹೋದ ವರ್ಷ ಮೂಡಲಗಿಯ ವಾಚನಾಲಯದವರು ಕರೆದು ಭಾಷಣ ಮಾಡಿಸಿದರು. ಮೂರು ಕಡೆ ಸಮುದ್ರ, ಕೋಟೆಯ ಗೋಡೆ, ಹಳದಿ ಹೆಂಚಿನ ಗುಮ್ಮಟ ಹೊತ್ತ ದೊಡ್ಡ ಇಗರ್ಜಿ, ತಮ್ಮ ತಮ್ಮ ಹಡಗು ಬಂತೇ ಎಂದು ನೋಡುವುದಕ್ಕೆ ವ್ಯಾಪಾರಿಗಳು ಮನೆಯ ಮಾಳಿಗೆಯ ಮೇಲೆ ಕಟ್ಟಿಸಿದ ಗೋಪುರಗಳು, ಹೀಗೆ ಗಂಟೆಗಟ್ಟಲೆ ಹೇಳಿದೆ. ಚಪ್ಪಾಳೆ ಬಿತ್ತು. ಹಾರ ಹಾಕಿದರು. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ, ಎಲ್ಲಾ ಪುಸ್ತಕದಲ್ಲಿದೆ. ನನ್ನ ಕಣ್ಣಿನಲ್ಲಿ ಮಾತ್ರ ಅದರ ಪೈಕಿ ಬಹಳ ಇಲ್ಲ. ಯಾಕಿಲ್ಲ ಎನ್ನುವುದಕ್ಕೆ ನಮ್ಮ ಶಿವಲಿಂಗಪ್ಪ ಕಾಕಾನ ಕಥೆ ಹೇಳಬೇಕಾಗುತ್ತದೆ.

ಕಾಕಾ ನಮ್ಮ ತಂದೆಯ ತಮ್ಮ. ನಮ್ಮ ಮೂಲ ಊರು ಹುಕ್ಕೇರಿಯಾದರೂ ಅವನು ಸಂಕೇಶ್ವರದಲ್ಲಿ ಶೇಂಗಾ ವ್ಯಾಪಾರ ಮಾಡಿಕೊಂಡು ನೆಲೆ ನಿಂತವನು. ನಮ್ಮ ಕಡೆಯ ಶೇಂಗಾ ಆಗ ಮುಂಬೈಯಿಂದ ಹಡಗು ಹತ್ತಿ ವಿಲಾಯಿತಿಯ ಎಣ್ಣೆ ಗಿರಣಿಗಳಿಗೆ ಹೋಗುತ್ತಿತ್ತು. ಮುಂಬೈಯ ದೊಡ್ಡ ವ್ಯಾಪಾರಿಯೊಬ್ಬರು, "ಗಿರಣಿಯವರನ್ನು ಕಂಡು ಬರೋಣ, ನೀವೂ ಬನ್ನಿ" ಎಂದು ಕರೆದರು. ಅರವತ್ತು ದಾಟಿದ್ದ ಕಾಕಾ ಎಲ್ಲರೂ ಬೇಡವೆಂದಷ್ಟೂ ಹೊರಟು ನಿಂತ. ಇಂಗ್ಲಿಷ್ ಬರುವವನು ಒಬ್ಬ ಬೇಕಲ್ಲ? ಆಗತಾನೆ ಮ್ಯಾಟ್ರಿಕ್ ಮುಗಿಸಿ ಹುಕ್ಕೇರಿಯ ಕಟ್ಟೆಯ ಮೇಲೆ ಕುಳಿತು ಲೋಕದ ತಪ್ಪುಗಳನ್ನು ಎಣಿಸುತ್ತಿದ್ದ ನನ್ನನ್ನು ಎಬ್ಬಿಸಿಕೊಂಡು ಹೋದ.

ಕಾಕಾನ ಸಾಮಾನಿನಲ್ಲಿ ಒಂದು ಗಂಟು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಮತ್ತು ಬಾಯಿ ಬಿಗಿದ ಎರಡು ತಾಮ್ರದ ಕೊಡದ ತುಂಬ ನಮ್ಮ ಹಿರಣ್ಯಕೇಶಿ ಹೊಳೆಯ ನೀರು. ನೀರು ಕುಡಿಯುವುದಕ್ಕಲ್ಲ, ಲಿಂಗಪೂಜೆಗೆ. ಕೊರಳಲ್ಲಿ ಕಟ್ಟಿದ ಲಿಂಗವನ್ನು ಎಡಗೈಯಲ್ಲಿಟ್ಟು ಪೂಜೆ ಮಾಡದೆ ಬಾಯಿಗೆ ಏನನ್ನೂ ಹಾಕದವರು ನಮ್ಮಲ್ಲಿ ಬಹಳ ಜನರಿದ್ದಾರೆ; ಅದು ದೊಡ್ಡದಲ್ಲ. ಕಾಕಾನದು ಅದರ ಮೇಲೆ ಇನ್ನೊಂದು ನೇಮ. ಪೂಜೆಯ ನೀರು ಒಂದೋ ಹರಿಯುವ ಹೊಳೆಯದಾಗಿರಬೇಕು, ಇಲ್ಲ, ತಾನೇ ಕೈಯಾರೆ ಸೇದಿದ್ದಾಗಿರಬೇಕು. ನಳದ ನೀರು ನಡೆಯದು. "ಅದು ಎಲ್ಲಿಂದ ಬರತೈತಿ ಅನ್ನೂದು ಅದಕ್ಕs ಗೊತ್ತಿರೂದಿಲ್ಲ" ಎನ್ನುತ್ತಿದ್ದ. ಹೋಗುವ ದಾರಿಯಲ್ಲಿ ಮಾರ್ಸೇಲ್ಸಿನ ಗಿರಣಿಯವನ ತೋಟದಲ್ಲಿ ಬಾವಿ ಸಿಕ್ಕಿ ಕೊಡಗಳು ಮತ್ತೆ ತುಂಬಿದವು. ಗಿರಣಿಯವನು ಮಾಲಿನ ಮಾತು ಬಿಟ್ಟು ಈ ಮುದುಕ ನೀರು ಸೇದುವುದನ್ನೇ ಬಾಯಿ ಬಿಟ್ಟು ನೋಡುತ್ತ ನಿಂತ. ಆದರೆ ಮುಂಬೈಯ ವ್ಯಾಪಾರಿಯನ್ನು ಅಲ್ಲೇ ಬಿಟ್ಟು ನಾವಿಬ್ಬರೂ ಲಂಡನ್ನಿನ ದಾರಿ ಹಿಡಿದ ಮೇಲೆ ಸಮುದ್ರ ಎದ್ದಿತು. ಹಡಗು ಹೊರಳಾಡಿತು, ಕೊಡಗಳೂ ಹೊರಳಾಡಿದವು. ಬೆಳಗಾಗುವ ಹೊತ್ತಿಗೆ ನಮ್ಮ ಕೋಣೆಯ ತುಂಬ ನೀರು, ಕೊಡದಲ್ಲಿ ಇಲ್ಲ. ಅದೇ ಗಲಾಟೆಯಲ್ಲಿ ಹಡಗಿನ ಯಂತ್ರಕ್ಕೂ ಏನೋ ಪೆಟ್ಟಾಗಿ, ರಿಪೇರಿಗೆಂದು ಮಾರನೆಯ ದಿನ ಕಾಡಿಜ್ ಬಂದರಕ್ಕೆ ಹೋಗಿ ನಿಂತಿತು.

ಹಡಗಿನಲ್ಲಿ ನನಗೆ ಸ್ನೇಹಿತನಾಗಿದ್ದ ಒಬ್ಬ ಮುದಿ ಪಾದ್ರಿ ಇದನ್ನು ಕೇಳಿ ಕುಣಿಯುವುದೊಂದು ಬಾಕಿ. "ನಿನ್ನ ಅದೃಷ್ಟ! ಸಾವಿರಾರು ವರ್ಷದ ಊರು, ಸಂಜೆ ನಾಲ್ಕರವರೆಗೆ ಹೊತ್ತಿದೆ, ಏನು ಬಿಟ್ಟರೂ ಗೋಪುರ ಹತ್ತುವುದನ್ನು ಬಿಡಬೇಡ; ಅಲ್ಲಿಂದ ಇಡೀ ಊರು, ಊರ ಸುತ್ತಲ ಸಮುದ್ರ ಎಲ್ಲ ಒಂದೇ ನೋಟಕ್ಕೆ ಕಾಣುತ್ತದೆ" ಎಂದ. ನನ್ನ ರಕ್ತ ಬಿಸಿಯಾಯಿತು. ಹುಕ್ಕೇರಿಯವನೊಬ್ಬ ಕಾಡಿಜ್‌ನ ಗೋಪುರದ ಮೇಲೆ! ಊರಿಗೆ ಹೋಗಿ ಹೇಳಬೇಕಾದ ಮಾತುಗಳನ್ನು ಅಲ್ಲೇ ಹೊಂದಿಸತೊಡಗಿದೆ. ಕೋಣೆಗೆ ಬಂದು ನೋಡಿದರೆ ಕಾಕಾ ಗೋಡೆಗೆ ಒರಗಿ ಕುಳಿತಿದ್ದ. ಹಿಂದಿನ ದಿನ ಬೆಳಗಿನಿಂದ ಪೂಜೆ ಇಲ್ಲ, ಆದ್ದರಿಂದ ಊಟವಿಲ್ಲ, ಗುಟುಕು ನೀರೂ ಇಲ್ಲ. ತುಟಿ ಒಣಗಿ ಬಿರಿದಿದ್ದವು. "ಬಸೂ, ಊರು ಬಂತಂತಲ್ಲೋ. ಊರು ಅಂದ ಮ್ಯಾಲ ಬಾವಿ ಇರಬೇಕು. ನಡಿ" ಎಂದು ತಂಬಿಗೆ ಹಿಡಿದು ಎದ್ದ.

ಹೀಗೆ ನಾವಿಬ್ಬರೂ ಕಾಡಿಜ್ ನೋಡಲು ಇಳಿದೆವು. ನಾನು ಗೋಪುರ ಹುಡುಕಿಕೊಂಡು, ಅವನು ಬಾವಿ ಹುಡುಕಿಕೊಂಡು. ಕಚ್ಚೆ ಧೋತರ, ಮೇಲೆ ಕೋಟು, ತಲೆಗೆ ಕೆಂಪು ರುಮಾಲು, ಹಣೆಯ ತುಂಬ ವಿಭೂತಿ, ಬಗಲಲ್ಲಿ ರೊಟ್ಟಿಯ ಗಂಟು, ಕೈಯಲ್ಲಿ ಖಾಲಿ ತಂಬಿಗೆ. ಕಾಕಾ ಮುಂದೆ ಮುಂದೆ ನಡೆದರೆ ಆ ಊರಿನವರೇ ಕೆಲಸ ಬಿಟ್ಟು ನಮ್ಮನ್ನು ನೋಡಲು ಬಂದು ನಿಂತರು. ನೋಡಲು ಹೋದವರು ಯಾರು, ನೋಡಿಸಿಕೊಂಡವರು ಯಾರು ಎನ್ನುವುದೇ ತಿಳಿಯದಂತಾಯಿತು. ಸಂದಿಯೊಂದರ ಕೊನೆಗೆ ಬಿಸಿಲಿಗೆ ಹೊಳೆಯುವ ಆ ಹಳದಿ ಗುಮ್ಮಟ ಕಂಡಿತು. "ಕಾಕಾ, ನೋಡ್ರಿ, ನೋಡ್ರಿ!" ಎಂದೆ. ಕಾಕಾ ತಲೆ ಎತ್ತಿ ನೋಡಿ, "ಛಲೋ ಐತಿ. ಒಳಗ ಬಾವಿ ಐತೇನು ಕೇಳು" ಎಂದ. ನಾನು ಕಂಡಕಂಡವರನ್ನು ಇಂಗ್ಲಿಷಿನಲ್ಲಿ ಕೇಳಿದೆ. ನನ್ನ ಇಂಗ್ಲಿಷು ಹುಕ್ಕೇರಿಯಲ್ಲಿ ಬಹಳ ನಡೆಯುವಂಥದ್ದು. ಅಲ್ಲಿ ಒಂದು ನಾಯಿಯೂ ಅದಕ್ಕೆ ಕಿವಿ ನಿಮಿರಿಸಲಿಲ್ಲ.

ಚೌಕದಲ್ಲಿ ಒಂದು ನಳ ಸಿಕ್ಕಿತು. ತಿಳಿಯಾದ ನೀರು, ತಣ್ಣಗೆ, ಧಾರಾಳವಾಗಿ ಸುರಿಯುತ್ತಿತ್ತು. ಕಾಕಾ ಅದರ ಮುಂದೆ ನಿಂತು, ನೋಡಿ, ಮುಂದಕ್ಕೆ ಹೊರಟ. ನನಗೆ ಸಿಟ್ಟು ನೆತ್ತಿಗೇರಿತು. "ಅಲ್ರಿ ಕಾಕಾ, ನೀರು ಎಲ್ಲೀದಾದರೂ ನೀರs ಅಲ್ಲೇನ್ರಿ?" ಎಂದೆ. ಕಾಕಾ ನಿಂತ. ಮಾತಾಡಲು ನಾಲಿಗೆ ಏಳುತ್ತಿರಲಿಲ್ಲ, ಆದರೂ ನಕ್ಕ. "ಹೌದಪಾ. ಊರೂ ಎಲ್ಲೀದಾದರೂ ಊರs. ಮತ್ತ ಹುಕ್ಕೇರಿ ನೋಡಿದಾಂವ ಇದನ್ಯಾಕ ನೋಡಬೇಕಂತಿ?" ಇದಕ್ಕೆ ಉತ್ತರ ನನಗೆ ಈ ಹೊತ್ತಿಗೂ ಹೊಳೆದಿಲ್ಲ. ಭೂಗೋಳದ ಮಾಸ್ತರನಾದ ಮೇಲಂತೂ ಹೊಳೆಯದಿರುವುದೇ ಕ್ಷೇಮ.

ಕಡೆಗೆ ಗೋಪುರ ಸಿಕ್ಕಿತು. ಇಕ್ಕಟ್ಟಾದ ಓಣಿ, ಎತ್ತರದ ಮನೆ, ಬಾಗಿಲು ತೆರೆದಿತ್ತು, ಒಳಗೆ ಸುತ್ತಿ ಸುತ್ತಿ ಮೇಲೇರುವ ಮೆಟ್ಟಿಲು. "ಕಾಕಾ, ನೀವು ಇಲ್ಲೇ ಕೂಡ್ರಿ, ನಾ ಹಿಂಗ ಹೋಗಿ ಹಂಗ ಬರ್ತೇನಿ" ಎಂದೆ. "ಹೋಗಿ ಬಾ" ಎಂದು ಅವನು ಹೊಸ್ತಿಲ ಕಲ್ಲಿನ ಮೇಲೆ ಕುಳಿತ. ಒಂದು ಸುತ್ತು ಏರಿದೆ. ಅಲ್ಲೊಂದು ಸಣ್ಣ ಕಿಂಡಿ. ಅದರಿಂದ ಬಗ್ಗಿ ನೋಡಿದರೆ ಸಮುದ್ರ ಕಾಣಬಹುದೆಂದು ಬಗ್ಗಿದೆ. ಕಂಡದ್ದು ಕೆಳಗಿನ ಓಣಿ, ಓಣಿಯಲ್ಲಿ ಕಾಕಾನ ರುಮಾಲು. ತಲೆ ಗೋಡೆಗೆ ಆನಿಸಿ ಕಣ್ಣು ಮುಚ್ಚಿದ್ದ. ತಂಬಿಗೆ ತೊಡೆಯ ಮೇಲಿತ್ತು. ಸಾಲಿಗೆ ಹೋಗುವಾಗ ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ಹಳ್ಳ ದಾಟಿಸುತ್ತಿದ್ದ ಮನುಷ್ಯ. ಹೆದರಿಕೆಯಾಯಿತು. ಈ ಪರದೇಶದ ಓಣಿಯಲ್ಲಿ ಇವನಿಗೆ ಏನಾದರೂ ಆದರೆ ಕಾಕಿಗೆ ಏನೆಂದು ಹೇಳಲಿ? ಇಳಿದು ಬಂದೆ. ದೊಡ್ಡ ತ್ಯಾಗವೆಂದು ತಿಳಿಯಬೇಡಿ, ಪ್ರತಿ ಮೆಟ್ಟಿಲಿಗೂ ಒಂದೊಂದು ಬೈಗುಳ ಬೈದುಕೊಂಡೇ ಇಳಿದೆ.

ಇಳಿಯುವಷ್ಟರಲ್ಲಿ ಕಾಕಾನ ಮುಂದೆ ಒಬ್ಬ ಮುದುಕಿ ನಿಂತಿದ್ದಳು. ಅಡಿಯಿಂದ ಮುಡಿಯವರೆಗೆ ಕರೀ ಬಟ್ಟೆ. ಎದುರು ಮನೆಯ ಬಾಗಿಲಲ್ಲಿ ಅವರೆಯಂಥ ಏನನ್ನೋ ಸುಲಿಯುತ್ತ ಕುಳಿತವಳು, ಈ ಮುದುಕನನ್ನು ಕಂಡು ಎದ್ದು ಬಂದಿದ್ದಳು. ಕಾಕಾ ಖಾಲಿ ತಂಬಿಗೆ ಬೋರಲು ಮಾಡಿ ತೋರಿಸಿದ. ಆಕೆ ಚೌಕದ ಕಡೆ ಕೈ ತೋರಿದಳು. ಕಾಕಾ ಅಲ್ಲವೆಂದು ತಲೆಯಾಡಿಸಿ, ಎರಡೂ ಕೈಯಿಂದ ಹಗ್ಗ ಜಗ್ಗುವ ಹಾಗೆ ಮಾಡಿ, "ಬಾವಿ, ಬಾವಿ ಬೇಕವ್ವಾ. ಸೇದಬೇಕು" ಎಂದ. ಅಪ್ಪಟ ಸಂಕೇಶ್ವರದ ಕನ್ನಡ. ಆಕೆಗೆ ತಿಳಿಯಿತು! ನನ್ನ ಮ್ಯಾಟ್ರಿಕ್ಕಿನ ಇಂಗ್ಲಿಷಿಗೆ ತೆರೆಯದ ಊರು ಆ ಕನ್ನಡಕ್ಕೆ ಬಾಗಿಲು ತೆರೆಯಿತು. ಕೈಹಿಡಿದು ಎಬ್ಬಿಸಿ ಮನೆಯೊಳಗೆ ಕರೆದುಕೊಂಡು ಹೋದಳು.

ಕತ್ತಲೆ ಹಜಾರ ದಾಟಿದರೆ ನಡುವೆ ತೆರೆದ ಅಂಗಳ. ಅಂಗಳದ ಮಧ್ಯೆ ಬಿಳೀ ಕಲ್ಲಿನ ಕಟ್ಟೆ, ಮೇಲೆ ಕಬ್ಬಿಣದ ಗಡಗಡಿ, ಹಗ್ಗ, ಬಕೀಟು. ಕಾಕಾ ಅದನ್ನು ಕಂಡವನೇ, "ನಮ್ಮ ಹಿತ್ತಲs ಇದು!" ಎಂದು ಕೈ ಮುಗಿದ. ಸೇದಲು ಹೋದರೆ ತೋಳಿನಲ್ಲಿ ಶಕ್ತಿಯಿಲ್ಲ. ಆಕೆ ತಾನು ಸೇದುತ್ತೇನೆಂದು ಹಗ್ಗ ಹಿಡಿದಳು. ಇವನು ನೇಮ ಕೆಟ್ಟೀತೆಂದು ಬಿಡಲಿಲ್ಲ. ಕೊನೆಗೆ ಇಬ್ಬರೂ ಕೂಡಿ ಜಗ್ಗಿದರು. ಗಡಗಡಿ ಹುಕ್ಕೇರಿಯದರ ಹಾಗೆಯೇ ಕಿರ್ರೆಂದಿತು. ನಾನು ಗಡಿಯಾರ ನೋಡಿದೆ. ಬೇಗ ಮುಗಿದರೆ ಗೋಪುರಕ್ಕೆ ಇನ್ನೂ ಹೊತ್ತಿತ್ತು. ಆದರೆ ಕಾಕಾ ಪೂಜೆಗೆ ಮುಂಚೆ ಸ್ನಾನಕ್ಕೆ ಕುಳಿತ. "ಹರ ಹರ" ಎನ್ನುತ್ತ ಬಕೀಟಿನ ಮೇಲೆ ಬಕೀಟು ಸುರಿದುಕೊಂಡ. ಮಾಳಿಗೆಯ ಕಟಾಂಜನದಿಂದ ನೆರೆಹೊರೆಯವರು ಇಣುಕಿದರು. ಆಕೆ ಕೆಳಗಿನಿಂದಲೇ ಒಮ್ಮೆ ಗದರಿದಳು, ಎಲ್ಲ ತಲೆಗಳೂ ಒಳಗೆ ಹೋದವು.

ಪೂಜೆ ಶುರುವಾಯಿತು. ಕೊರಳಿನ ಕರಡಿಗೆ ಬಿಚ್ಚಿ, ಲಿಂಗವನ್ನು ಎಡಗೈಯಲ್ಲಿಟ್ಟು ನೀರೆರೆದ. ಒಣಗಿದ ಬಿಲ್ವಪತ್ರೆ ಏರಿಸಿದ. ಅದನ್ನು ಕಂಡು ಆಕೆ ಗೋಡೆಯ ಕುಂಡದಿಂದ ಒಂದು ಕೆಂಪು ಹೂವು ಕಿತ್ತು ತಂದು ತಂಬಿಗೆಯ ಅಂಚಿಗೆ ಇಟ್ಟಳು. ಕಾಕಾ ಅದನ್ನೂ ಏರಿಸಿ ಕಣ್ಣು ಮುಚ್ಚಿದ. ನಾನು ಗಡಿಯಾರ ನೋಡಿದೆ. ಕಾಕಾ ಲಿಂಗದ ಎದುರು ಅವಸರ ಮಾಡುವವನಲ್ಲ. ತೀರ್ಥ ತೆಗೆದುಕೊಂಡ ಮೇಲೆ ಗಂಟು ಬಿಚ್ಚಿ, ಆಕೆಗೂ ಒಂದು ರೊಟ್ಟಿ ಮುರಿದು ಚಟ್ನಿ ಹಾಕಿ ಕೊಟ್ಟ. ಒಂದು ತುತ್ತಿಗೆ ಆಕೆಯ ಕಣ್ಣಲ್ಲಿ ನೀರು ಬಂತು, ಆದರೂ ಬಿಡದೆ ಪೂರ್ತಿ ತಿಂದಳು. "ಮಕ್ಕಳೆಷ್ಟವ್ವಾ ನಿನಗ?" ಎಂದು ಕಾಕಾ ಕೇಳಿದ. ಆಕೆ ತನ್ನ ಭಾಷೆಯಲ್ಲಿ ಬಹಳ ಹೊತ್ತು ಏನೋ ಹೇಳಿದಳು. ಕಾಕಾ ಹೂಂಗುಟ್ಟುತ್ತ ಕೇಳಿದ. ಆಮೇಲೆ ನನ್ನ ಕಡೆ ತಿರುಗಿ, "ಒಬ್ಬನs ಮಗ ಅಂತಪಾ. ಸಮುದ್ರಕ್ಕ ಹೋದಾಂವ ಬರಲಿಲ್ಲಂತ" ಎಂದ. "ನಿಮಗ ಹೆಂಗ ತಿಳೀತ್ರಿ?" ಎಂದರೆ, "ಮಾರಿ ನೋಡಿದ್ರ ತಿಳಿಯಂಗಿಲ್ಲೇನೋ?" ಎಂದ. ನಾನು ಆಕೆಯ ಮುಖ ನೋಡಿರಲಿಲ್ಲ. ನೋಡುವಷ್ಟರಲ್ಲಿ ಬಂದರದಿಂದ ನಮ್ಮ ಹಡಗಿನ ಕೂಗು ಕೇಳಿತು. ಕಾಕಾ ತಂಬಿಗೆ ತುಂಬಿಕೊಂಡದ್ದೇ ಅವನ ರಟ್ಟೆ ಹಿಡಿದು ಓಡಿಸಿಕೊಂಡು ಬಂದೆ.

ಹಡಗು ಹೊರಟ ಮೇಲೆ ಪಾದ್ರಿ ಆಸೆಯಿಂದ, "ಏನೇನು ನೋಡಿದೆ?" ಎಂದು ಕೇಳಿದ. ನಾನು ಮುಖ ಗಂಟು ಹಾಕಿಕೊಂಡು ನಡೆದದ್ದನ್ನು ಹೇಳಿದೆ. ಅವನು ಎಲ್ಲ ಕೇಳಿ, "ಅದು ಬಾವಿಯಲ್ಲ" ಎಂದ. ಸುತ್ತಲೂ ಉಪ್ಪು ನೀರಿನ ಊರು ಅದು. ಮಾಳಿಗೆಯ ಮೇಲೆ ಬಿದ್ದ ಮಳೆಯ ನೀರನ್ನು ಅಂಗಳದ ಕೆಳಗಿನ ತೊಟ್ಟಿಗೆ ಇಳಿಸಿ ಹಳಬರು ಇಡೀ ಬೇಸಗೆ ಅದನ್ನೇ ಜತನ ಮಾಡಿ ಕುಡಿಯುತ್ತಾರಂತೆ. ನಾನು ಇದನ್ನು ಕಾಕಾನಿಗೆ ಹೇಳಿದೆ. ಸ್ವಲ್ಪ ಕೆಣಕುವ ಆಸೆಯೂ ಇತ್ತು. "ಬಾವಿ ಅಲ್ಲ ಅಂದ ಮ್ಯಾಲ ನಿಮ್ಮ ನೇಮದ ಗತಿ ಏನ್ರಿ?" ಎಂದೆ. ಕಾಕಾ ನೇಮದ ಮಾತೇ ಎತ್ತಲಿಲ್ಲ. "ಕುಡಿಯೂ ನೀರಾಗ ಜಳಕಾ ಮಾಡಿದ್ನಲ್ಲೋ ಬಸೂ. ಆಕಿ ಒಂದ ಮಾತು ಬ್ಯಾಡ ಅನ್ನಲಿಲ್ಲಲ್ಲೋ" ಎಂದು ಸಮುದ್ರದ ಕಡೆ ತಿರುಗಿ ಕುಳಿತ. ಕಣ್ಣು ಒರೆಸಿಕೊಂಡನೆಂದು ಕಾಣುತ್ತದೆ. ನನಗೂ ಕೆಣಕಿದ್ದು ಸಾಕೆನಿಸಿತು.

ಊರಿಗೆ ಬಂದ ಕಾಕಾ ಮೊದಲು ಮಾಡಿದ ಕೆಲಸವೆಂದರೆ ಸಂಕೇಶ್ವರದಲ್ಲಿ ತನ್ನ ಅಂಗಡಿಯ ಮುಂದೆ, ದೊಡ್ಡ ರಸ್ತೆಗೆ, ಒಂದು ಅರವಟಿಗೆ ಇಡಿಸಿದ್ದು. ಬಿಳೀ ಕಲ್ಲಿನ ಕಟ್ಟೆ, ನೆರಳಿಗೆ ಚಪ್ಪರ, ಮೂರು ದೊಡ್ಡ ಮಣ್ಣಿನ ಹರವಿ. ಹಾದಿಹೋಕರು ಯಾರಾದರೂ ಆಗಲಿ, ಯಾವ ಜಾತಿ ಎಂದು ಕೇಳದೆ ನೀರು ಕೊಡಬೇಕೆಂದು ಕಟ್ಟುಮಾಡಿದ. ಯಾರ ಹೆಸರಿನಲ್ಲಿ ಎಂದು ಜನ ಕೇಳಿದರು. ನಮ್ಮಲ್ಲಿ ಸತ್ತ ತಂದೆಯದೋ ತಾಯಿಯದೋ ಹೆಸರಿನಲ್ಲಿ ಇಡುವುದು ವಾಡಿಕೆ. ಕಾಕಾನಿಗೆ ಆಕೆಯ ಹೆಸರೇ ಗೊತ್ತಿರಲಿಲ್ಲ. "ಕರೀ ಸೀರಿ ಅಜ್ಜಿ ಹೆಸರಲೆ" ಎಂದುಬಿಟ್ಟ. ಆಕೆ ಉಟ್ಟದ್ದು ಸೀರೆಯಲ್ಲ ಎಂದು ನಾನು ತಿದ್ದಹೋದೆ, ಯಾರೂ ಕೇಳಲಿಲ್ಲ.

ಮೊದಲು ಯಾರೋ ಹರವಿಗೆ ಕುಂಕುಮ ಹಚ್ಚಿದರು. ಆಮೇಲೆ ಉಡಿ ತುಂಬಿದರು. ಒಂದು ಬೇಸಗೆಯಲ್ಲಿ ಊರಿನ ಹಳೇ ಬಾವಿಗಳೆಲ್ಲ ತಳ ಕಂಡಾಗಲೂ ಕಾಕಾ ಹೊಳೆಯ ಮಡುವಿನಿಂದ ಎತ್ತಿನ ಬಂಡಿಯಲ್ಲಿ ನೀರು ತರಿಸಿ ಹರವಿ ತುಂಬಿಸಿದ. ಕರೀ ಸೀರಿ ಅಜ್ಜಿಯ ಹರವಿ ಬತ್ತುವುದಿಲ್ಲ ಎಂದು ಸುದ್ದಿಯಾಯಿತು. ಬಂಡಿಯ ಸುದ್ದಿ ಯಾರಿಗೂ ಬೇಕಿರಲಿಲ್ಲ. ಹರಕೆ ಹೊತ್ತವರು ಹಸಿರು ಬಳೆ ತಂದು ಕಟ್ಟತೊಡಗಿದರು. ಲಿಂಗವೊಂದನ್ನು ಬಿಟ್ಟು ಬೇರೆ ದೇವರಿಗೆ ಕೈ ಮುಗಿಯದ ಕಾಕಾನ ಅಂಗಡಿಯ ಮುಂದೆಯೇ ಒಬ್ಬ ದೇವಿ ಹುಟ್ಟಿಕೊಂಡಳು. ಅವನು ದಿನಾ ಬೆಳಿಗ್ಗೆ ಎದ್ದು ಕುಂಕುಮ ಒರೆಸುತ್ತಿದ್ದ, ಸಂಜೆಗೆ ಮತ್ತೆ ಹಚ್ಚಿರುತ್ತಿದ್ದರು. "ಏ, ಆಕಿ ದೇವಿ ಅಲ್ಲ, ನನಗ ನೀರು ಕೊಟ್ಟ ಮುದುಕಿ!" ಎಂದು ಕೂಗಾಡಿದ. ನೀರು ಕುಡಿಯಲು ಬಂದ ಹೆಣ್ಣುಮಗಳೊಬ್ಬಳು, "ಅಷ್ಟು ಮಾಡಿದ್ರ ಸಾಕಲ್ರಿ ಯಪ್ಪಾ, ಮತ್ತೇನು ಮಾಡಬೇಕು ದೇವಿ?" ಎಂದಳಂತೆ. ಅವತ್ತಿನಿಂದ ಕಾಕಾ ಕುಂಕುಮ ಒರೆಸುವುದನ್ನು ಬಿಟ್ಟ.

ಇಷ್ಟು ಆಗಿದ್ದರೆ ನನ್ನ ಮರ್ಯಾದೆಗೆ ಧಕ್ಕೆಯಿರಲಿಲ್ಲ. ಮೊನ್ನೆ ರವಿವಾರ ಸಂಕೇಶ್ವರದಿಂದ ನಾಲ್ಕು ಜನ ಹಿರಿಯರು ಗೋಕಾಕದ ನಮ್ಮ ಮನೆಗೆ ಬಂದರು. ಜೊತೆಗೆ ಮೋನಪ್ಪ ಪತ್ತಾರ, ಬೆಳ್ಳಿ ಬಂಗಾರದ ಕೆಲಸದಲ್ಲಿ ಹೆಸರಾದವನು. ಅಜ್ಜಿಗೆ ಬೆಳ್ಳಿಯ ಮುಖ ಮಾಡಿಸಬೇಕೆಂದು ಊರು ನಿಶ್ಚಯ ಮಾಡಿದೆ. ಎಲ್ಲಾ ದೇವಿಯರ ಮುಖ ಪತ್ತಾರನಿಗೆ ಗೊತ್ತು, ಈಕೆಯದು ಗೊತ್ತಿಲ್ಲ. ಕಂಡವರು ಲೋಕದಲ್ಲಿ ಇಬ್ಬರೇ. ಕಾಕಾನನ್ನು ಕೇಳಿದರೆ ಅವನು, "ದೇವಿ ಮಾರಿ ಹೇಳೂದು ನನ್ನ ಧರ್ಮ ಅಲ್ಲ. ನಮ್ಮ ಬಸೂನ್ನ ಕೇಳ್ರಿ. ನಾ ನೀರಿಗೆ ಹೋಗಿದ್ದೆ, ಅಂವ ನೋಡಾಕಂತs ಇಳದಿದ್ದ" ಎಂದು ನನ್ನ ಕಡೆ ಕಳಿಸಿದ್ದಾನೆ.

ನಮ್ಮಾಕೆ ಬಂದವರಿಗೆ ನೀರು ಬೆಲ್ಲ ಕೊಟ್ಟು, ತಾನೂ ಕೇಳಲು ಬಾಗಿಲಿಗೆ ಒರಗಿ ನಿಂತಳು. ಮೋನಪ್ಪ ತೊಡೆಯ ಮೇಲೆ ಪಾಟಿ ಇಟ್ಟುಕೊಂಡು ಬಳಪ ಹಿಡಿದು, "ಹೇಳ್ರಿ ಮಾಸ್ತರ. ಮಾರಿ ಗುಂಡಗಿತ್ತೋ, ಉದ್ದಗಿತ್ತೋ?" ಎಂದ. ನಾನು ಕಣ್ಣು ಮುಚ್ಚಿ ನೆನೆದೆ. ಬಿಳೀ ಕಟ್ಟೆ ಬಂತು, ಗಡಗಡಿ ಬಂತು, ಕೆಂಪು ಹೂವು ಬಂತು, ಗಡಿಯಾರದ ಮುಳ್ಳು ಎಲ್ಲಿತ್ತು ಎನ್ನುವುದೂ ಬಂತು. ಕರೀ ಬಟ್ಟೆಯ ಮೇಲೆ ಮುಖ ಮಾತ್ರ ಬರಲಿಲ್ಲ. "ಮೂಗು ಹೆಂಗಿತ್ತ್ರಿ? ಹೋಗಲಿ, ಕಣ್ಣು?" ನಾನು ತಡವರಿಸುತ್ತ, ಆ ಊರಿನಲ್ಲಿ ಹಳದಿ ಹೆಂಚಿನ ಗುಮ್ಮಟವಿದೆ, ಮಾಳಿಗೆಗಳ ಮೇಲೆ ಗೋಪುರಗಳಿವೆ ಎಂದು ಮೂಡಲಗಿಯ ಭಾಷಣವನ್ನೇ ಶುರು ಮಾಡಿದೆ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೋನಪ್ಪ ಖಾಲಿ ಪಾಟಿಯನ್ನು ಧೋತರದ ಸೆರಗಿನಿಂದ ಸುಮ್ಮನೆ ಒರೆಸಿ ಚೀಲಕ್ಕೆ ಹಾಕಿಕೊಂಡ.

ಕಟ್ಟೆ ಇಳಿಯುವಾಗ ಅವರಲ್ಲೊಬ್ಬರು ಇನ್ನೊಬ್ಬರಿಗೆ ಮೆಲ್ಲಗೆ ಹೇಳಿದ್ದು ನನಗೂ ಕೇಳಿತು, ಬಾಗಿಲಲ್ಲಿದ್ದ ನಮ್ಮಾಕೆಗೂ ಕೇಳಿತು. "ಶಿವಲಿಂಗಪ್ಪಗೌಡ್ರು ಹೋಗಿದ್ದು ಖರೆ. ಈ ಮಾಸ್ತರ ಹೋಗಿದ್ದಂತೂ ನನಗ ಖರೆ ಅನಸೂದಿಲ್ಲ ನೋಡ್ರಿ." ನಮ್ಮಾಕೆ ನನ್ನ ಪರವಾಗಿ ಎರಡು ಮಾತು ಆಡಿಯಾಳೆಂದು ಅವಳ ಕಡೆ ನೋಡಿದೆ. ಅವಳು ಖಾಲಿ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು.